ಲಂಗರು ಎತ್ತದ ನಾವಿಕರಿಗೊಂದು ಮಾನಪತ್ರ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದೆ ಮುನಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿರುವ ಗಣ್ಯರೇ, ಬೋಂಡದ ವಾಸನೆ ಹಿಡಿದು ಒಳಗೆ ಬಂದಿರುವ ರಸಿಕರೇ ಮತ್ತು ಈ ಸಂಜೆಯ ಸನ್ಮಾನಿತರಾದ ನಾವಿಕರೇ,

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಬೆಂಗಳೂರಿನಲ್ಲಿ ನಾವು ಇಂದು ಒಬ್ಬ ಸಮುದ್ರಯಾನಿಯನ್ನು ಸನ್ಮಾನಿಸಲು ಸೇರಿದ್ದೇವೆ. ಪಶ್ಚಿಮಕ್ಕೆ ಹೊರಟರೂ ಪೂರ್ವಕ್ಕೆ ಹೊರಟರೂ ಉಪ್ಪುನೀರು ಕಣ್ಣಿಗೆ ಬೀಳಲು ಒಂದು ರಾತ್ರಿಯ ಬಸ್ ಪ್ರಯಾಣ ಬೇಕೇ ಬೇಕು. ಅಂಥ ಊರಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತು, ಪಾಯಜಾಮದ ಲಾಡಿಯಲ್ಲಿ ನಾವಿಕರ ಬೋಲೈನ್ ಗಂಟು ಹಾಕುವುದನ್ನು ಕಲಿತ ಮಹನೀಯರು ಇವರು. ಹಾಕಲು ಕಲಿತರು, ಬಿಚ್ಚಲು ಕಲಿಯಲಿಲ್ಲ. ಆ ಲಾಡಿಯನ್ನು ಕೊನೆಗೆ ಕತ್ತರಿಯಿಂದಲೇ ಕತ್ತರಿಸಬೇಕಾಯಿತು ಎಂದು ಅವರ ಶ್ರೀಮತಿಯವರು ನನಗೆ ತಿಳಿಸಿದ್ದಾರೆ.

ಮಾಡಿದವರನ್ನು ಸನ್ಮಾನಿಸುವುದು ಸುಲಭ, ಅದನ್ನು ಎಲ್ಲರೂ ಮಾಡುತ್ತಾರೆ. ದಿಲೀಪ್ ದೋಂಡೆ 2009-10ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದ ಮೊದಲ ಭಾರತೀಯರಾದರು. ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ ಅದನ್ನೇ ಮಾಡಿದರು. ಇಬ್ಬರೂ ಹೋದದ್ದು ಗೋವಾದಲ್ಲಿ ಕಟ್ಟಿದ ‘ಮ್ಹಾದೇಯಿ’ ದೋಣಿಯಲ್ಲಿ. ಹೆಸರು ಕೇಳಿ ಕಿವಿ ನೆಟ್ಟಗಾಯಿತೇ? ಹೌದು, ಅದೇ ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ. ನಾವು ಆ ನದಿಯ ನೀರಿಗಾಗಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿ ಇಳಿಯುತ್ತಿರುವಾಗ ಅದರ ಹೆಸರು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿ ಬಂದಿತ್ತು. 2017-18ರಲ್ಲಿ ನೌಕಾಪಡೆಯ ಆರು ಮಂದಿ ಮಹಿಳೆಯರು ‘ತಾರಿಣಿ’ಯಲ್ಲಿ ಲೋಕ ಸುತ್ತಿದರು. ಅದೇ ದೋಣಿಯಲ್ಲಿ 2024-25ರಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಮತ್ತೊಮ್ಮೆ ಸುತ್ತಿದರು.

ಇದನ್ನೆಲ್ಲ ನಮ್ಮ ಸನ್ಮಾನಿತರ ಮುಂದೆ ಹೇಳಿ ನೋಡಿ. “ಅವರಿಗೇನಪ್ಪ, ನೌಕಾಪಡೆಯ ದೋಣಿ. ನನಗಿರುವುದು ಪಿ.ಎಫ್. ಮಾತ್ರ” ಎನ್ನುತ್ತಾರೆ. ಮಾತು ನಿಜವೇ. ಅಲ್ಲದೆ ಸಂಘಟಕರ ಕಷ್ಟವನ್ನೂ ನೀವು ಯೋಚಿಸಬೇಕು. ಹೊರಟವರು ಯಾವ ತಾರೀಖಿಗೆ ಮರಳುತ್ತಾರೆಂದು ಯಾರೂ ಹೇಳಲಾರರು. ಹೊರಡದವರ ಸನ್ಮಾನಕ್ಕಾದರೆ ಧೈರ್ಯವಾಗಿ ಸಭಾಂಗಣಕ್ಕೆ ಮುಂಗಡ ಕೊಡಬಹುದು.

ಇವರ ಆದಿಗುರು ಜೋಶುವಾ ಸ್ಲೋಕಮ್. ಉಗಿಹಡಗು ಬಂದ ಮೇಲೆ ಕೆಲಸ ಸಿಗದೆ ಕೂತಿದ್ದ ಹಾಯಿಹಡಗಿನ ಕಪ್ತಾನರು. ಅಮೆರಿಕದ ಫೇರ್‌ಹೇವನ್ ಎಂಬಲ್ಲಿ ಹೊಲದೊಳಗೆ ಕ್ಯಾನ್ವಾಸು ಹೊದ್ದು ಕೊಳೆಯುತ್ತಿದ್ದ ‘ಸ್ಪ್ರೇ’ ಎಂಬ ಮುದಿ ದೋಣಿಯನ್ನು ಪರಿಚಿತರೊಬ್ಬರು ಅವರಿಗೆ ಧರ್ಮಕ್ಕೆ ಕೊಟ್ಟರು. ಸ್ಲೋಕಮ್ ಓಕ್ ಮರ ಕಡಿದರು, ಹಲಗೆಗಳನ್ನು ಆವಿಯಲ್ಲಿ ಬಗ್ಗಿಸಿದರು, 13 ತಿಂಗಳು ದುಡಿದು ಹೊಸ ದೋಣಿಯನ್ನೇ ಎಬ್ಬಿಸಿದರು. ಸಾಮಾನಿಗೆ ಆದ ಖರ್ಚು 553 ಡಾಲರ್ 62 ಸೆಂಟ್. ಆ 62 ಸೆಂಟನ್ನೂ ಬಿಡದೆ ಲೆಕ್ಕ ಇಟ್ಟರು. 1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟವರು ಒಂಟಿಯಾಗಿ 46,000 ಮೈಲು ಸುತ್ತಿ 1898ರ ಜೂನ್ 27ರಂದು ನ್ಯೂಪೋರ್ಟಿಗೆ ಬಂದರು. ಕಡಲಿನಲ್ಲಿ ರೇಖಾಂಶ ಲೆಕ್ಕ ಹಾಕಲು ನಿಖರವಾದ ಗಡಿಯಾರ ಬೇಕಲ್ಲವೇ? ತಮ್ಮ ಬಳಿಯಿದ್ದ ಒಳ್ಳೆಯ ಗಡಿಯಾರದ ದುರಸ್ತಿಗೆ 15 ಡಾಲರ್ ಆಗುತ್ತದೆಂದು ಅದನ್ನು ಮನೆಯಲ್ಲೇ ಬಿಟ್ಟರು. ದಾರಿಯಲ್ಲೊಂದು ತಗಡಿನ ಗಡಿಯಾರ ಕೊಂಡರು. ಅದರ ಬೆಲೆ ಒಂದೂವರೆ ಡಾಲರ್, ಮುಖ ಒಡೆದಿದ್ದರಿಂದ ಅಂಗಡಿಯವನು ಒಂದು ಡಾಲರಿಗೇ ಕೊಟ್ಟ.

ಇಂಥ ಗುರುವಿನಿಂದ ಶಿಷ್ಯರು ಕಲಿತದ್ದೇನು? ಸ್ಲೋಕಮ್ಮರಿಗೆ ಈಜು ಬರುತ್ತಿರಲಿಲ್ಲ ಎಂಬುದನ್ನು. ಇವರಿಗೂ ಬರುವುದಿಲ್ಲ. ಈಜು ಕಲಿಯಿರಿ ಎಂದು ಯಾರೇ ಹೇಳಲಿ, ಗುರುಗಳ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ. ಗುರುಗಳು ಕೆಲವು ವರ್ಷಗಳ ಮೇಲೆ ಅದೇ ಸ್ಪ್ರೇಯಲ್ಲಿ ಹೊರಟು ಹಿಂತಿರುಗಲೇ ಇಲ್ಲ ಎನ್ನುವ ಪುಟವನ್ನು ಇವರು ಇನ್ನೂ ಓದಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ಎರಡನೆಯ ಗುರು ರಾಬರ್ಟ್ ಮ್ಯಾನ್ರಿ. ಕ್ಲೀವ್‌ಲ್ಯಾಂಡಿನ ದಿನಪತ್ರಿಕೆಯಲ್ಲಿ ಕಾಪಿ ತಿದ್ದುತ್ತಿದ್ದವರು. ಹದಿಮೂರೂವರೆ ಅಡಿಯ ‘ಟಿಂಕರ್‌ಬೆಲ್’ ಅವರ ದೋಣಿ, ಅಂದರೆ ಮಾರುತಿ ಸ್ವಿಫ್ಟ್ ಕಾರಿಗಿಂತ ಪೂರ್ತಿ ಒಂದಡಿಯೂ ಹೆಚ್ಚಿಲ್ಲ. ಸ್ನೇಹಿತನ ದೊಡ್ಡ ದೋಣಿಯಲ್ಲಿ ಹೋಗುತ್ತೇನೆಂದು ಕಚೇರಿಯಲ್ಲಿ ಹೇಳಿ ರಜೆ ಹಾಕಿದ್ದರು. ಸ್ನೇಹಿತ ಕೈಕೊಟ್ಟ. ಆ ಸುದ್ದಿಯನ್ನು ಕಚೇರಿಗೆ ತಿಳಿಸದೆ ತಮ್ಮ ಪುಟ್ಟ ದೋಣಿಯಲ್ಲೇ ಹೊರಟುಬಿಟ್ಟರು. 1965ರ ಬೇಸಿಗೆಯಲ್ಲಿ 78 ದಿನ ಅಟ್ಲಾಂಟಿಕ್ಕಿನಲ್ಲಿ ತೇಲಿ, ಅಲೆಗಳು ಎತ್ತಿ ಹೊರಗೆಸೆದಾಗಲೆಲ್ಲ ಮೈಗೆ ಕಟ್ಟಿಕೊಂಡ ಹಗ್ಗ ಹಿಡಿದು ಮತ್ತೆ ದೋಣಿ ಹತ್ತಿ, ಇಂಗ್ಲೆಂಡಿನ ಫಾಲ್ಮತ್ ತಲುಪಿದರು. ಈ ಗುರುವಿನಿಂದ ಶಿಷ್ಯರು ರಜೆಯ ಅರ್ಜಿಯನ್ನು ಕಲಿತಿದ್ದಾರೆ. ಅರ್ಜಿ ಟೈಪಾಗಿ, ಸಹಿಯಾಗಿ ಮೇಜಿನ ಸೆಳೆಖಾನೆಯಲ್ಲಿದೆ. ದಿನಾಂಕದ ಜಾಗವೊಂದು ಖಾಲಿ.

ಈಗ ಬಜೆಟ್ಟಿಗೆ ಬರೋಣ. ನನ್ನ ಭಾಷಣದ ಗಂಭೀರ ಭಾಗ ಇದು, ಮೊಬೈಲುಗಳನ್ನು ಒಳಗಿಡಿ.

ಸನ್ಮಾನಿತರ ಬಳಿ ಒಂದು ಎಕ್ಸೆಲ್ ಹಾಳೆಯಿದೆ. ಮೊದಲ ಸಾಲಿನಲ್ಲಿ ‘ದೋಣಿ: ಪುಕ್ಕಟೆ’ ಎಂದಿದೆ. ನಗಬೇಡಿ, ಅದು ಸುಳ್ಳಲ್ಲ. ಯುರೋಪಿನ ಬಂದರುಗಳಲ್ಲಿ 1970ರ ದಶಕದ ಫೈಬರ್‌ಗ್ಲಾಸ್ ದೋಣಿಗಳು ಬೇಕಾದಷ್ಟಿವೆ. ಫೈಬರ್ ಕೊಳೆಯುವುದಿಲ್ಲ. ಮಾಲೀಕರಿಗೆ ಮಾತ್ರ ವಯಸ್ಸಾಗುತ್ತದೆ, ಮಂಡಿ ನೋಯುತ್ತದೆ. ದೋಣಿ ನಿಲ್ಲಿಸುವ ಜಾಗದ ಬಾಡಿಗೆ ಏರುತ್ತಲೇ ಇರುತ್ತದೆ, ಒಡೆದು ಬಿಸಾಡಲು ಹೋದರೆ ಅದಕ್ಕೂ ಹಣ ತೆರಬೇಕು. ಹೀಗಾಗಿ ಯಾರಾದರೂ ತೆಗೆದುಕೊಂಡು ಹೋದರೆ ಸಾಕಪ್ಪ ಎನ್ನುವವರಿದ್ದಾರೆ.

ಪುಕ್ಕಟೆ ದೋಣಿಯಷ್ಟು ದುಬಾರಿ ವಸ್ತು ಪ್ರಪಂಚದಲ್ಲಿ ಇನ್ನೊಂದಿಲ್ಲ ಎಂಬುದು ಎರಡನೇ ಸಾಲಿನಿಂದ ತಿಳಿಯುತ್ತದೆ. ಕೂವೆಮರವನ್ನು ನಿಲ್ಲಿಸಿರುವ ಉಕ್ಕಿನ ತಂತಿಗಳನ್ನು ಹತ್ತು-ಹನ್ನೆರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸದಿದ್ದರೆ ಅವು ಹಗಲಿನಲ್ಲಿ, ಬಂದರಿನಲ್ಲಿ ತುಂಡಾಗುವುದಿಲ್ಲ. ನಡುರಾತ್ರಿ, ನಡುಗಡಲಿನಲ್ಲಿ ತುಂಡಾಗುತ್ತವೆ. ಬಿಸಿಲಿಗೆ ಹಾಯಿ ಹಪ್ಪಳವಾಗುತ್ತದೆ. ತಳಕ್ಕೆ ಚಿಪ್ಪುಜೀವಿಗಳು ಮೆತ್ತಿಕೊಳ್ಳದಂತೆ ದೋಣಿಯನ್ನು ಕ್ರೇನಿನಲ್ಲಿ ಎತ್ತಿ ವಿಷದ ಬಣ್ಣ ಬಳಿಯಬೇಕು. ಕ್ರೇನಿನವರು ಸ್ನೇಹಕ್ಕೆ ಬರುವುದಿಲ್ಲ. ಒಂಟಿ ಮನುಷ್ಯ ನಿದ್ದೆ ಮಾಡುವಾಗ ಗಾಳಿಯ ಬಲದಿಂದಲೇ ಚುಕ್ಕಾಣಿ ನಡೆಸುವ ವಿಂಡ್‌ವೇನ್ ಎಂಬ ಸಾಧನವುಂಟು. ಹೊಸದಾಗಿ ಕೊಂಡರೆ ಅದರ ಬೆಲೆ ದೋಣಿಯದ್ದಕ್ಕಿಂತ ಹೆಚ್ಚಾಗುವುದೂ ಉಂಟು.

ಇಷ್ಟರವರೆಗೂ ನಮ್ಮವರು ಧೀರರೇ. ಹಾಳೆ ದಾರಿ ತಪ್ಪಿದ್ದು ಹದಿನಾಲ್ಕನೇ ಸಾಲಿನಲ್ಲಿ. ಅಲ್ಲಿ ‘ಸಣ್ಣ ಫ್ರಿಜ್ (ಮೊಸರಿಗೆ)’ ಎಂದು ಬರೆದರು. ಫ್ರಿಜ್ಜಿಗೆ ಬ್ಯಾಟರಿ ಬಂತು, ಬ್ಯಾಟರಿಗೆ ಸೋಲಾರ್ ಫಲಕ, ಫಲಕ ನಿಲ್ಲಿಸಲು ಸ್ಟೀಲ್ ಕಮಾನು. ಕಮಾನಿನ ಭಾರ ಹೊರಲು ದೋಣಿ ಇನ್ನೂ ಐದಡಿ ಉದ್ದವಾಗಬೇಕಾಯಿತು. ಉದ್ದ ಹೆಚ್ಚಿದ ಮೇಲೆ ಹಾಯಿ, ತಂತಿ, ಬಣ್ಣ, ಬಂದರಿನ ಬಾಡಿಗೆ ಎಲ್ಲವೂ ಏರಿದವು, ಏಕೆಂದರೆ ಬಂದರಿನವರು ಬಾಡಿಗೆ ಹಾಕುವುದೇ ದೋಣಿಯ ಉದ್ದದ ಲೆಕ್ಕದಲ್ಲಿ. ಪುಕ್ಕಟೆಯಿಂದ ಶುರುವಾದ ಹಾಳೆ ಈಗ 42 ಲಕ್ಷಕ್ಕೆ ನಿಂತಿದೆ. ಒಂದು ಕಪ್ ಮೊಸರಿಗೆ 42 ಲಕ್ಷ!

ಕಡಿಮೆ ಖರ್ಚಿನಲ್ಲಿ ಕಡಲು ಸುತ್ತುವುದು ಹೇಗೆ ಎಂಬ ಪ್ರಶ್ನೆಗೆ ಆ್ಯನಿ ಹಿಲ್ ಎಂಬಾಕೆ 1993ರಲ್ಲೇ ಉತ್ತರ ಬರೆದಿಟ್ಟಿದ್ದಾರೆ. ‘ವಾಯೇಜಿಂಗ್ ಆನ್ ಎ ಸ್ಮಾಲ್ ಇನ್‌ಕಮ್’ ಅವರ ಪುಸ್ತಕ. ಗಂಡ ಹೆಂಡತಿ ಸೇರಿ ಪ್ಲೈವುಡ್ಡಿನಲ್ಲಿ ಕಟ್ಟಿದ 34 ಅಡಿಯ ‘ಬ್ಯಾಜರ್’, ಅದಕ್ಕೆ ಚೀನೀ ಜಂಕ್ ಮಾದರಿಯ ಹಾಯಿ. ಬಾಡಿಗೆಯ ಜಾಗಕ್ಕೆ ಹೋಗದೆ ಲಂಗರು ಇಳಿಸಿ ಮಲಗುವುದು, ಬೇಳೆಕಾಳು ಮೂಟೆಯಲ್ಲಿ ಕೊಳ್ಳುವುದು, ಕೈಯಲ್ಲಾಗುವ ಕೆಲಸಕ್ಕೆ ಕೂಲಿ ಕೊಡದಿರುವುದು. ಸ್ಲೋಕಮ್ಮರಿಂದ ಈಕೆಯವರೆಗೆ ಕಡಿಮೆ ಖರ್ಚಿನಲ್ಲಿ ಸಾಗರ ದಾಟಿದವರೆಲ್ಲ ದುಡ್ಡಿನ ಬದಲು ಬೆವರನ್ನೂ ಸುಖವನ್ನೂ ತೆತ್ತಿದ್ದಾರೆ. ನಮ್ಮ ಸನ್ಮಾನಿತರು ಎರಡನ್ನೂ ಉಳಿತಾಯ ಖಾತೆಯಲ್ಲಿಟ್ಟಿದ್ದಾರೆ. ಆ್ಯನಿ ಹಿಲ್ ಪುಸ್ತಕವನ್ನು ಮಾತ್ರ ಪುಟಪುಟಕ್ಕೂ ಅಡಿಗೆರೆ ಹಾಕಿ ಓದಿದ್ದಾರೆ, ಎ.ಸಿ. ಕೋಣೆಯಲ್ಲಿ.

ಅಡುಗೆಯ ವಿಭಾಗದಲ್ಲಿ ಮಾತ್ರ ನಾವು ಕನ್ನಡಿಗರು ಹುಟ್ಟಾ ನಾವಿಕರು ಎಂಬುದನ್ನು ಇವರು ಸಾಬೀತುಪಡಿಸಿದ್ದಾರೆ. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ, ಒಣಗಿಸಿದ ಸಂಡಿಗೆ: ಯಾವುದಕ್ಕೂ ಫ್ರಿಜ್ ಬೇಡ. ಪ್ರೆಶರ್ ಕುಕ್ಕರಂತೂ ದೂರಯಾನದ ನಾವಿಕರಿಗೆ ಪ್ರಾಣ. ದೋಣಿ ಮಗುಚುವಷ್ಟು ವಾಲಿದರೂ ಮುಚ್ಚಳ ಬಿಗಿದಿರುವುದರಿಂದ ಸಾರು ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಇಡೀ 42 ಲಕ್ಷದ ಯೋಜನೆಯಲ್ಲಿ ಈಗಾಗಲೇ ಕೈಯಲ್ಲಿರುವ ಸಾಮಾನು ಅದೊಂದೇ. ಅದೂ ಶ್ರೀಮತಿಯವರ ತವರಿನದು.

ಇವರು ಕ್ಷೇತ್ರಕಾರ್ಯ ಮಾಡಿಲ್ಲವೆಂದು ತಿಳಿಯಬೇಡಿ. ಒಮ್ಮೆ ಮಂಗಳೂರಿನ ಹಳೇ ಬಂದರಿಗೆ ಹೋಗಿದ್ದರು. ಲಕ್ಷದ್ವೀಪಕ್ಕೆ ಸರಕು ಹೊರುವ ಮಂಜಿ ಹಡಗುಗಳು ನಿಲ್ಲುವ ಧಕ್ಕೆ ಅದು. ಈರುಳ್ಳಿ ಮೂಟೆಗಳ ಮಧ್ಯೆ ಬೀಡಿ ಸೇದುತ್ತಿದ್ದ ತಂಡೇಲರೊಬ್ಬರಿಗೆ, ಅಂದರೆ ಮಂಜಿಯ ಕಪ್ತಾನರಿಗೆ, ತಮ್ಮ ಕನಸನ್ನು ವಿವರಿಸಿದರು. ಅವರು ಪೂರ್ತಿ ಕೇಳಿ, “ಗಾಳಿಯಲ್ಲಿ ಹೋಗುದಾ? ಯಾಕೆ ಮಾರಾಯ್ರೆ, ಇಂಜಿನಿಗೆ ಎಂತ ಆಯ್ತು?” ಎಂದರು. ಇಂಜಿನ್ ಬೇಕಾಗಿಲ್ಲ ಎಂದರು ಇವರು. “ಸಂಬಳ ಎಷ್ಟು ಕೊಡ್ತಾರೆ?” ಸಂಬಳವಿಲ್ಲ, ನಾನೇ ದುಡ್ಡು ಹಾಕಿ ಹೋಗುವುದು ಎಂದರು. ತಂಡೇಲರು ಬೀಡಿ ಆರಿಸಿ, ದನಿ ತಗ್ಗಿಸಿ ಕೇಳಿದರು: “ಮನೆಯಲ್ಲಿ ಏನಾದ್ರೂ ಗಲಾಟೆ ಉಂಟಾ?”

ಹಾಗಾದರೆ ಹೊರಡುವುದು ಯಾವಾಗ? ಸನ್ಮಾನಿತರು ಇದಕ್ಕೂ ಆಳವಾದ ಅಧ್ಯಯನ ಮಾಡಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಮುಂಗಾರು. ಜೂನ್, ಜುಲೈ ಎರಡು ತಿಂಗಳು ಮಲ್ಪೆಯ ಯಾಂತ್ರಿಕ ದೋಣಿಗಳೇ ಮೀನಿಗೆ ಹೋಗುವಂತಿಲ್ಲ. ಅಟ್ಲಾಂಟಿಕ್ಕಿನಲ್ಲಿ ನವೆಂಬರ್ ಮುಗಿಯುವವರೆಗೆ ಚಂಡಮಾರುತದ ಕಾಲ. ಕೆನರಿ ದ್ವೀಪಗಳಿಂದ ವ್ಯಾಪಾರ ಮಾರುತ ಹಿಡಿದು ಕೆರಿಬಿಯನ್ನಿಗೆ ಹೊರಡಲು ಡಿಸೆಂಬರ್, ಜನವರಿ ಪ್ರಶಸ್ತ; ಸಾಮಾನ್ಯ ದೋಣಿಗೆ ಮೂರ್ನಾಲ್ಕು ವಾರದ ದಾರಿ. ಆದರೆ ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಬರುವ ಕಡಲೆಕಾಯಿ ಪರಿಷೆಯ ಆಸುಪಾಸು ಊರು ಬಿಡುವ ಪದ್ಧತಿ ಇವರ ಮನೆತನದಲ್ಲಿಲ್ಲ. ಜನವರಿಯಲ್ಲಿ ಸಂಕ್ರಾಂತಿ. ಮಾರ್ಚಿನಲ್ಲಿ ಆಡಿಟ್. ಏಪ್ರಿಲ್, ಮೇ ಮಾವಿನ ಹಣ್ಣು.

ಮಹನೀಯರೇ, ತಮ್ಮನ್ನು ಇಷ್ಟು ಗೇಲಿ ಮಾಡಿದ್ದು ಪ್ರೀತಿಯಿಂದಲೇ. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲವೂ ತಮಗೆ ಸಲ್ಲುತ್ತವೆ. ಪೇಟ ಬಾಡಿಗೆಯದು, ಇಳಿಯುವಾಗ ಕೊಟ್ಟು ಹೋಗಬೇಕು. ಹಮ್ಮಿಣಿಯಲ್ಲಿ ಹಣವಿಲ್ಲ. ಎಷ್ಟು ಹಾಕಿದರೂ ತಾವು ಅದನ್ನು ಹದಿನಾಲ್ಕನೇ ಸಾಲಿಗೆ ಸೇರಿಸುತ್ತೀರಿ ಎಂದು ಶ್ರೀಮತಿಯವರು ಎಚ್ಚರಿಸಿದ್ದರಿಂದ, ಬಡಾವಣೆಯ ಈಜುಕೊಳಕ್ಕೆ ಮೂರು ತಿಂಗಳ ಶುಲ್ಕ ಕಟ್ಟಿ ರಸೀದಿಯನ್ನು ಇಟ್ಟಿದ್ದೇವೆ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ತರಗತಿ. ತಮ್ಮ ತಂಡದಲ್ಲಿ ಉಳಿದವರೆಲ್ಲ ಎರಡನೇ ಕ್ಲಾಸಿನ ಮಕ್ಕಳು. ಟೋಪಿ ಕಡ್ಡಾಯ, ಟವೆಲ್ ತಾವೇ ತರಬೇಕು. ದಯವಿಟ್ಟು ತಪ್ಪಿಸಬೇಡಿ, ಕಟ್ಟಿದ ಹಣ ವಾಪಸ್ ಕೊಡುವುದಿಲ್ಲವಂತೆ.