ಕಾಲ್ಚೆಂಡು ವರ್ಗಾವಣಾ ದರ್ಶನ: ಲಘು ಭಾಷ್ಯಸಹಿತ

ದರ್ಶನಗಳು ಆರೇ, ಏಳನೆಯದಕ್ಕೆ ಜಾಗವಿಲ್ಲ ಎಂದು ಪಂಡಿತರು ಹೇಳುತ್ತ ಬಂದಿದ್ದಾರೆ. ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳ ಜಮಾಖರ್ಚನ್ನು ಅವರು ಓದಿಲ್ಲದಿರುವುದೇ ಇದಕ್ಕೆ ಕಾರಣ. ಜಗತ್ತು ಸತ್ಯವೋ ಮಿಥ್ಯೆಯೋ, ಕರ್ಮದ ಫಲ ಯಾರಿಗೆ ಯಾವಾಗ ಒದಗುತ್ತದೆ, ಒಬ್ಬನೇ ಇಬ್ಬರಾಗಿ ತೋರುವುದು ಹೇಗೆ ಎಂಬ ಪ್ರಶ್ನೆಗಳಿಗೆ ನಮ್ಮ ಆಚಾರ್ಯರು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡರು. ಲಂಡನ್ನಿನ ಲೆಕ್ಕಿಗರು ಅವನ್ನು ಪ್ರತಿವರ್ಷ ಜೂನ್ 30ರೊಳಗೆ ಬಗೆಹರಿಸಿ ರುಜು ಹಾಕುತ್ತಾರೆ. ಆ ಏಳನೆಯ ದರ್ಶನದ ಕೆಲವು ಸೂತ್ರಗಳನ್ನು ಇಲ್ಲಿ ವಿವರಿಸಲಾಗಿದೆ. ಇದನ್ನು ಓದಲು ಅಧಿಕಾರಿ ಯಾರೆಂದರೆ, ನಡುರಾತ್ರಿ ಪಂದ್ಯ ನೋಡಿ ಬೆಳಿಗ್ಗೆ ಕಚೇರಿಯಲ್ಲಿ ಆಕಳಿಸುವವರೆಲ್ಲರೂ.

ಮೊದಲು ಒಂದು ಭ್ರಮೆ ನಿವಾರಣೆಯಾಗಬೇಕು. ಐಪಿಎಲ್ ಹರಾಜು ನೋಡಿ ಬೆಳೆದ ಕನ್ನಡಿಗರು ಕೂಗಿದ ಮೊತ್ತ ಆಟಗಾರನ ಸಂಬಳವೆಂದು ತಿಳಿದಿರುತ್ತಾರೆ. ಅಲ್ಲಿ ಅದು ಸರಿ. ಫುಟ್‌ಬಾಲಿನಲ್ಲಿ ಪತ್ರಿಕೆಯ ತಲೆಬರಹಕ್ಕೆ ಬರುವ ಮೊತ್ತ ಹೋಗುವುದು ಅವನನ್ನು ಬಿಟ್ಟುಕೊಟ್ಟ ಹಳೆಯ ಕ್ಲಬ್ಬಿಗೆ. ಸಂಬಳ ಬೇರೆ, ಏಜೆಂಟನ ಕಮಿಷನ್ ಬೇರೆ, ಸಹಿ ಹಾಕಿದ ಶ್ರಮಕ್ಕೆ ಬೋನಸ್ ಬೇರೆ. ಇವುಗಳಲ್ಲಿ ಪಂದ್ಯ ಗೆಲ್ಲಿಸುವುದು ಯಾವುದು ಎಂಬುದನ್ನು ಕೊನೆಯ ಹತ್ತಿರ ಹೇಳುತ್ತೇವೆ. ಉಪಯುಕ್ತವಾದದ್ದನ್ನು ಮೊದಲೇ ಹೇಳುವ ಪದ್ಧತಿ ಶಾಸ್ತ್ರಗ್ರಂಥಗಳಲ್ಲಿ ಇಲ್ಲ.

ಪೂರ್ವೇತಿಹಾಸ ಚಿಕ್ಕದು. 1905ರ ಫೆಬ್ರವರಿಯಲ್ಲಿ ಕೆಳದರ್ಜೆಗೆ ಜಾರುವ ಭಯದಲ್ಲಿದ್ದ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್ಲೆಂಡಿನ ಆಲ್ಫ್ ಕಾಮನ್ ಎಂಬ ಆಟಗಾರನಿಗಾಗಿ 1,000 ಪೌಂಡ್ ಕೊಟ್ಟಿತು. ಒಬ್ಬ ಮನುಷ್ಯನಿಗೆ ಸಾವಿರ ಪೌಂಡೇ ಎಂದು ಇಂಗ್ಲೆಂಡ್ ಮೂಗಿನ ಮೇಲೆ ಬೆರಳಿಟ್ಟಿತು. ಕಾಮನ್ ಮೊದಲ ಪಂದ್ಯದಲ್ಲೇ ಪೆನಾಲ್ಟಿ ಹೊಡೆದು ಶೆಫೀಲ್ಡ್ ಯುನೈಟೆಡ್ ವಿರುದ್ಧ ಗೆಲ್ಲಿಸಿದ, ಕ್ಲಬ್ಬೂ ಉಳಿಯಿತು. ಆದದ್ದು ಇಷ್ಟೇ. ದುಡ್ಡು ಸುರಿದಲ್ಲಿ ಫಲ ಉಂಟೆಂಬ ವ್ಯಾಪ್ತಿಜ್ಞಾನ ಈ ಒಂದೇ ದೃಷ್ಟಾಂತದ ಮೇಲೆ ಪ್ರತಿಷ್ಠಾಪಿತವಾಯಿತು. ನಮ್ಮ ನೈಯಾಯಿಕರು ಹೊಗೆ ಬೆಂಕಿಯ ನಂಟು ಸಾಧಿಸುವ ಮುನ್ನ ಕನಿಷ್ಠ ಹತ್ತಾರು ಅಡುಗೆಮನೆಗಳಿಗಾದರೂ ಇಣುಕಿರಬೇಕು. 1908ರಲ್ಲಿ ಫುಟ್‌ಬಾಲ್ ಸಂಸ್ಥೆ 350 ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ವಿಧಿಸಿತು. ಆ ವಿಧಿಯ ಆಯುಷ್ಯ ಕೆಲವೇ ತಿಂಗಳು. 1979ರಲ್ಲಿ ಟ್ರೆವರ್ ಫ್ರಾನ್ಸಿಸ್ ಇಂಗ್ಲೆಂಡಿನ ಮೊದಲ ಹತ್ತು ಲಕ್ಷ ಪೌಂಡಿನ ಆಟಗಾರನಾದ. ಆಮೇಲಿನದು ಸೊನ್ನೆಗಳ ಇತಿಹಾಸ.

ಮೊದಲ ಸೂತ್ರ: ಕೊಟ್ಟದ್ದು ಖರ್ಚಲ್ಲ.

ಆಟಗಾರನನ್ನು ಕೊಂಡ ದಿನ ಕ್ಲಬ್ಬು ಖರ್ಚು ಮಾಡಿತೆಂದು ಪಾಮರರು ತಿಳಿಯುತ್ತಾರೆ. ಲೆಕ್ಕಶಾಸ್ತ್ರದ ಪ್ರಕಾರ ಆ ದಿನ ಅದು ಆಸ್ತಿ ಗಳಿಸಿದೆ. ಕೊಟ್ಟ ಮೊತ್ತವನ್ನು ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಿ, ವರ್ಷಕ್ಕೊಂದು ಪಾಲಿನಂತೆ ಖರ್ಚು ತೋರಿಸಬೇಕು. ಅಮಾರ್ಟೈಸೇಶನ್ ಎಂಬುದು ಇದರ ಹೆಸರು. ಸಂಚಿತ ಕರ್ಮದ ರಾಶಿಯಿಂದ ಜನ್ಮಕ್ಕಿಷ್ಟು ಪ್ರಾರಬ್ಧ ಕಳಚಿಕೊಂಡು ಬರುವ ಕ್ರಮ ಇದೇ ತಾನೆ? ಜನ್ಮಗಳು ಹೆಚ್ಚಾದಷ್ಟೂ ಒಂದೊಂದು ಜನ್ಮದ ಹೊರೆ ಹಗುರ ಎಂಬ ಗೂಢಾರ್ಥ ಹೊಳೆದದ್ದು ಚೆಲ್ಸಿ ಕ್ಲಬ್ಬಿಗೆ. 2023ರ ಜನವರಿಯ ಕೊನೆಯ ದಿನ ಅದು ಎನ್ಸೊ ಫರ್ನಾಂಡಿಸ್‌ಗಾಗಿ 10 ಕೋಟಿ 68 ಲಕ್ಷ ಪೌಂಡ್ ಒಪ್ಪಿ, ಎಂಟೂವರೆ ವರ್ಷಕ್ಕೆ ಸಹಿ ಹಾಕಿಸಿತು. ಐದು ವರ್ಷದ ಒಪ್ಪಂದವಾಗಿದ್ದರೆ ವರ್ಷಕ್ಕೆ 2 ಕೋಟಿ 13 ಲಕ್ಷದಷ್ಟು ಬೀಳಬೇಕಾದ ಹೊರೆ ಸುಮಾರು 1 ಕೋಟಿ 25 ಲಕ್ಷಕ್ಕೆ ಇಳಿಯಿತು.

ಹಾಗಾದರೆ ಎಂಬತ್ತು ವರ್ಷಕ್ಕೇ ಸಹಿ ಹಾಕಿಸಿಬಿಡಬಹುದಲ್ಲ ಎಂದು ಪೂರ್ವಪಕ್ಷಿ ಕೇಳುತ್ತಾನೆ. ಆಕ್ಷೇಪ ಸಾಧುವೇ. ಈ ಪ್ರಶ್ನೆ ಯಾರಿಗಾದರೂ ಹೊಳೆಯುವ ಮುನ್ನ ಯುರೋಪಿನ ಫುಟ್‌ಬಾಲ್ ಆಳುವ ಯುವೆಫಾ ಅದೇ ಬೇಸಿಗೆಯಲ್ಲೂ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅದೇ ಡಿಸೆಂಬರಿನಲ್ಲೂ ಹಂಚಿಕೆಗೆ ಐದೇ ವರ್ಷ ಎಂದು ಬೇಲಿ ಹಾಕಿದವು. ಆಗಲೇ ಆದ ಒಪ್ಪಂದಗಳಿಗೆ ಬೇಲಿ ಅನ್ವಯಿಸುವುದಿಲ್ಲ ಎಂದೂ ಸೇರಿಸಿದವು. ಪ್ರಾರಬ್ಧವನ್ನು ಅನುಭವಿಸಿಯೇ ತೀರಿಸಬೇಕೆಂದು ಶಾಸ್ತ್ರ ಹೇಳಿದೆಯಷ್ಟೆ.

ಎರಡನೆಯ ಸೂತ್ರ: ಕಡಿಮೆಗೆ ಮಾರಿದರೂ ಲಾಭ.

5 ಕೋಟಿಗೆ ಒಬ್ಬನನ್ನು ಐದು ವರ್ಷದ ಒಪ್ಪಂದಕ್ಕೆ ಕೊಳ್ಳಿ. ಮೂರು ವರ್ಷ ಬೆಂಚಿನ ಮೇಲೆ ಕೂರಿಸಿ. 3 ಕೋಟಿಗೆ ಮಾರಿ. ಪುಸ್ತಕದಲ್ಲಿ ಅವನ ಬೆಲೆ ಅಷ್ಟರಲ್ಲಿ 2 ಕೋಟಿಗೆ ಇಳಿದಿರುವುದರಿಂದ ಈ ವರ್ಷ ನಿಮಗೆ 1 ಕೋಟಿ ಲಾಭ. ನಮ್ಮ ದನದ ಸಂತೆಯ ದಲ್ಲಾಳಿಗೆ ಈ ಲೆಕ್ಕ ಒಪ್ಪಿಸಿದರೆ ಟವೆಲ್ಲಿನಡಿಯಿಂದ ಬೆರಳು ಹಿಂದಕ್ಕೆಳೆದುಕೊಂಡು, ಇವನ ಹತ್ತಿರ ವ್ಯವಹಾರ ಬೇಡಪ್ಪಾ ಎಂದಾನು.

ಇದೇ ಸೂತ್ರದಿಂದ ಒಂದು ಕ್ರೂರ ಉಪಸೂತ್ರ ಹುಟ್ಟುತ್ತದೆ: ಮನೆಮಗನನ್ನು ಮಾರುವುದೇ ಪರಮ ಲಾಭ. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಯಾರಿಗೂ ದುಡ್ಡು ಕೊಟ್ಟಿಲ್ಲವಾದ್ದರಿಂದ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ, ಮಾರಿದಾಗ ಬಂದದ್ದೆಲ್ಲ ಲಾಭ. ಆರು ವರ್ಷದ ಮಗುವಾಗಿ ಚೆಲ್ಸಿಗೆ ಬಂದ ಮೇಸನ್ ಮೌಂಟ್ 2023ರಲ್ಲಿ ಐದೂವರೆ ಕೋಟಿ ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ. ಪ್ರೀಮಿಯರ್ ಲೀಗಿನ ಆಗಿನ ನಿಯಮದಂತೆ ಒಂದು ಕ್ಲಬ್ಬು ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಮೀರಿದರೆ ಅಂಕ ಕಡಿತ. 2023–24ರ ಋತುವಿನಲ್ಲಿ ಎವರ್ಟನ್ ಎರಡು ಸಲ, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಒಂದು ಸಲ ಅದನ್ನು ಉಂಡವು. ಅದನ್ನು ಕಂಡ ಮೇಲೆ, ಲೆಕ್ಕದ ವರ್ಷ ಮುಗಿಯುವ 2024ರ ಜೂನ್ ಕೊನೆಯ ವಾರದಲ್ಲಿ ಒಂದು ವಿಚಿತ್ರ ವಿನಿಮಯ ಮೇಳ ನಡೆಯಿತು. ಆಸ್ಟನ್ ವಿಲ್ಲಾ ಚೆಲ್ಸಿಯ ಹುಡುಗ ಇಯಾನ್ ಮಾಟ್ಸನ್‌ನನ್ನು ಕೊಂಡಿತು, ಚೆಲ್ಸಿ ವಿಲ್ಲಾದ ಹುಡುಗ ಒಮಾರಿ ಕೆಲ್ಲಿಮನ್‌ನನ್ನು ಕೊಂಡಿತು. ನ್ಯೂಕಾಸಲ್ ತನ್ನ ಊರಿನ ಮಗ ಎಲಿಯಟ್ ಆಂಡರ್ಸನ್‌ನನ್ನು ಫಾರೆಸ್ಟಿಗೆ ಕಳಿಸಿ, ಅಲ್ಲಿಂದ ಒಬ್ಬ ಗೋಲ್‌ಕೀಪರನನ್ನು ತಂದುಕೊಂಡು ಹೆಚ್ಚಾಗಿ ಆಡಿಸದೆ ಇಟ್ಟುಕೊಂಡಿತು. ಆಂಡರ್ಸನ್ ಮುಂದೆ ಇಂಗ್ಲೆಂಡಿಗೆ ಆಡಿದ. ಮಗನನ್ನು ಮನೆಯಲ್ಲೇ ಉಳಿಸಿಕೊಂಡರೆ ದೋಷ, ಹೊರಗಿನವನನ್ನು ತಂದರೆ ಆಸ್ತಿ. ನ್ಯಾಯಯುತ ಹಣಕಾಸನ್ನು ಕಾಪಾಡಲು ಮಾಡಿದ ನಿಯಮದ ಪರಿಣಾಮ ಇದು ಎಂಬುದನ್ನು ಭಾಷ್ಯಕಾರನು ಯಾವ ವ್ಯಂಗ್ಯವೂ ಇಲ್ಲದೆ ದಾಖಲಿಸುತ್ತಾನೆ.

ಮೂರನೆಯ ಸೂತ್ರ: ಮಾರುವವನೂ ಕೊಳ್ಳುವವನೂ ಒಂದೇ.

ಇದು ಗ್ರಂಥದ ಹೃದಯ. ಚೆಲ್ಸಿಯ ಸ್ಟಾಂಫರ್ಡ್ ಬ್ರಿಜ್ ಮೈದಾನದ ಆವರಣದಲ್ಲಿ ಎರಡು ಹೋಟೆಲ್‌ಗಳಿವೆ. ಅವನ್ನು ಕ್ಲಬ್ಬು 7 ಕೋಟಿ 65 ಲಕ್ಷ ಪೌಂಡಿಗೆ ಮಾರಿತು. ಕೊಂಡವರಾರು? ಕ್ಲಬ್ಬಿನ ಒಡೆಯರದೇ ಇನ್ನೊಂದು ಕಂಪನಿ. ಹೋಟೆಲುಗಳು ಕದಲಲಿಲ್ಲ, ಒಡೆಯರು ಬದಲಾಗಲಿಲ್ಲ, ಬಹುಶಃ ತಲೆದಿಂಬುಗಳೂ ಅವೇ. ಆದರೂ ನಷ್ಟ ಅಷ್ಟರಮಟ್ಟಿಗೆ ಕರಗಿತು. ಅಷ್ಟಕ್ಕೇ ನಿಲ್ಲದೆ, ಸತತ ಐದನೆಯ ಬಾರಿ ಲೀಗ್ ಗೆದ್ದಿದ್ದ ತನ್ನ ಮಹಿಳಾ ತಂಡವನ್ನು ಗೆದ್ದ ಮರುತಿಂಗಳು, ಜೂನ್ ಮುಗಿಯಲು ಎರಡು ದಿನ ಇರುವಾಗ, ತನ್ನದೇ ಮಾತೃಸಂಸ್ಥೆಗೆ ಮಾರಿತು. ಅದರಿಂದ ಸುಮಾರು 20 ಕೋಟಿ ಪೌಂಡ್ ಲಾಭ ಬಂದಿತು. ಹಗ್ಗದಲ್ಲಿ ಹಾವು ಕಂಡ ಹಾಗೆ ನಷ್ಟದಲ್ಲಿ ಲಾಭ ಕಂಡಿತು. ತಂಡ ಮಾರಿದ ಆ ವರ್ಷ ಕ್ಲಬ್ಬು ತೆರಿಗೆಗೆ ಮುನ್ನ 12 ಕೋಟಿ 84 ಲಕ್ಷ ಪೌಂಡ್ ಲಾಭ ಘೋಷಿಸಿತು.

ದ್ರಷ್ಟೃ, ದೃಶ್ಯ, ದರ್ಶನ ಮೂರೂ ಒಂದೇ ಎಂಬ ಅದ್ವೈತ ಇಷ್ಟು ಪ್ರಾಯೋಗಿಕವಾಗಿ ಬೇರೆಲ್ಲೂ ಸಿದ್ಧಪಟ್ಟಿಲ್ಲ. ಮಾರುವ ನಾನು, ಕೊಳ್ಳುವ ನಾನು, ಚೌಕಾಸಿ ಮಾಡುವ ನಾನು! ಬೆಲೆ ಸ್ವಲ್ಪ ಹೆಚ್ಚಾಯಿತೆಂದು ನನ್ನ ಮೇಲೆ ನಾನೇ ಸಿಡುಕಿಕೊಂಡೆನೆ ಎಂಬುದು ದಾಖಲೆಯಲ್ಲಿಲ್ಲ. ಪ್ರೀಮಿಯರ್ ಲೀಗ್ ಇದನ್ನು ಒಪ್ಪಿತು, ಬೆಲೆ ಮಾರುಕಟ್ಟೆಗೆ ತಕ್ಕುದಾಗಿದ್ದರೆ ಸಾಕೆಂದಿತು. ಯುವೆಫಾ ಮಾತ್ರ ಕಟ್ಟಾ ದ್ವೈತಿ. ಮಾರುವವನು ಬೇರೆ, ಕೊಳ್ಳುವವನು ಬೇರೆ, ಇವರಿಬ್ಬರ ಭೇದ ಪಾರಮಾರ್ಥಿಕ ಎಂದು ವಾದಿಸಿ ಈ ಮಾರಾಟಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ; 2025ರ ಜುಲೈಯಲ್ಲಿ ಚೆಲ್ಸಿಗೆ 3 ಕೋಟಿ 10 ಲಕ್ಷ ಯೂರೊ ದಂಡ ಹಾಕಿತು. ಉಡುಪಿಯ ಅಷ್ಟಮಠಗಳು ಇದನ್ನು ಗಮನಿಸಿದಂತಿಲ್ಲ.

ಚಾರ್ವಾಕ ಪಕ್ಷವನ್ನು ಚುಟುಕಾಗಿ ನೋಡೋಣ. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬ ಇವರ ಸಿದ್ಧಾಂತ ಲೋಕವಿದಿತ. ಲೀಡ್ಸ್ ಯುನೈಟೆಡ್ ಕ್ಲಬ್ಬು ಮುಂದಿನ ವರ್ಷಗಳ ಟಿಕೆಟ್ ಹಣವನ್ನು ಆಧಾರವಾಗಿಟ್ಟು 6 ಕೋಟಿ ಪೌಂಡ್ ಸಾಲ ಎತ್ತಿತು, 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿತು, ಅಧ್ಯಕ್ಷರ ಕಚೇರಿಯ ಹೊಂಬಣ್ಣದ ಮೀನುಗಳಿಗೆ ತಿಂಗಳಿಗೆ 20 ಪೌಂಡ್ ಬಾಡಿಗೆಯನ್ನೂ ಕೊಟ್ಟಿತು. 2004ರಲ್ಲಿ ಕೆಳಗುರುಳಿತು, 2007ರಲ್ಲಿ ಮೂರನೆಯ ದರ್ಜೆಗೆ ಬಿತ್ತು, ಮತ್ತೆ ಮೊದಲ ದರ್ಜೆಗೇರಿದ್ದು 2020ರಲ್ಲಿ. ಜನ ಇವತ್ತಿಗೂ ನೆನೆಸುವುದು ಮೀನುಗಳನ್ನು, ಕೋಟಿಗಳನ್ನಲ್ಲ. 20 ಪೌಂಡ್ ಎಂದರೇನೆಂದು ಎಲ್ಲರಿಗೂ ಗೊತ್ತು. ಬಾರ್ಸಿಲೋನಾ ಇನ್ನೂ ಧೀರ ಚಾರ್ವಾಕ. 135 ಕೋಟಿ ಯೂರೊ ಸಾಲದಲ್ಲಿ ಮುಳುಗಿ, 2021ರ ಆಗಸ್ಟಿನಲ್ಲಿ ಮೆಸ್ಸಿಯನ್ನು ಅಳಿಸಿ ಕಳಿಸಿದ ಕ್ಲಬ್ಬು ಮರುವರ್ಷವೇ ಮುಂದಿನ ಇಪ್ಪತ್ತೈದು ವರ್ಷಗಳ ಟಿವಿ ಆದಾಯದ ಕಾಲು ಭಾಗವನ್ನು ಮಾರಿ, ಮೂವತ್ತಮೂರು ದಾಟುತ್ತಿದ್ದ ಲೆವಾಂಡೋವ್ಸ್ಕಿಯನ್ನು ತಂದಿತು. ಆ ಸಲ ಲೀಗ್ ಗೆದ್ದೂಬಿಟ್ಟಿತು. ಖಂಡನೆಗೆಂದು ಸಿದ್ಧಪಡಿಸಿದ್ದ ಎರಡು ಪುಟಗಳನ್ನು ಭಾಷ್ಯಕಾರನು ಇಲ್ಲಿ ಕೈಬಿಟ್ಟಿದ್ದಾನೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಪೂರ್ವಪಕ್ಷಿ ಎದ್ದು ನಿಂತು, "ಲಾಭ ನಷ್ಟ ಎಲ್ಲಾ ಇರ್ಲಿ ಸ್ವಾಮಿ, ಕಪ್ ಯಾರಿಗೆ ಬಂತು ಹೇಳಿ" ಎನ್ನುತ್ತಾನೆ. ಆಗ ಫಲವಿಚಾರ ಅನಿವಾರ್ಯ.

2017ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬು ನೆಯ್ಮಾರ್‌ಗಾಗಿ ಬಾರ್ಸಿಲೋನಾಕ್ಕೆ 22 ಕೋಟಿ 20 ಲಕ್ಷ ಯೂರೊ ಎಣಿಸಿತು. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಕೈ ತುಂಬಿದ ಬಾರ್ಸಿಲೋನಾ ಉಸ್ಮಾನ್ ಡೆಂಬೆಲೆಯನ್ನೂ, ಲಿವರ್‌ಪೂಲಿನ ಫಿಲಿಪ್ ಕುಟಿನ್ಯೊನನ್ನೂ ಕೊಂಡಿತು. ಕುಟಿನ್ಯೊ ಹಣ ಬಂದ ಲಿವರ್‌ಪೂಲು ಗೋಲ್‌ಕೀಪರ್ ಆಲಿಸನ್‌ನನ್ನು ಕರೆತಂದು 2019ರಲ್ಲಿ ಯುರೋಪಿನ ಕಪ್ ಎತ್ತಿತು. ಬಾರ್ಸಿಲೋನಾಕ್ಕೆ ಕುಟಿನ್ಯೊ ಒಗ್ಗಲಿಲ್ಲ. ಬಾಡಿಗೆಗೆ ಬಯರ್ನ್ ಮ್ಯೂನಿಕ್‌ಗೆ ಕಳಿಸಿತು, ಸಂಬಳದಲ್ಲಿ ಕೊಂಚ ಉಳಿಯಿತೆಂದು ನಿಟ್ಟುಸಿರಿಟ್ಟಿತು. 2020ರ ಆಗಸ್ಟ್ 14ರಂದು ಲಿಸ್ಬನ್ನಿನಲ್ಲಿ ಬಯರ್ನ್ ಬಾರ್ಸಿಲೋನಾವನ್ನು 8–2ರಿಂದ ಬಡಿಯಿತು. ಕೊನೆಯ ಹಂತದಲ್ಲಿ ಬದಲಿಯಾಗಿ ಬಂದು ಒಂದು ಗೋಲು ಹೊಡೆಸಿ, ಎರಡು ಗೋಲು ತಾನೇ ಹೊಡೆದವನು ಕುಟಿನ್ಯೊ. ತನ್ನ ದುಡ್ಡಿನಲ್ಲಿ ಕೊಂಡ ಬಾಣದಿಂದ ತನಗೇ ಗಾಯ ಎಂಬ ಪ್ರಸಂಗ ಮಹಾಭಾರತದಲ್ಲೂ ಇಷ್ಟು ನೇರವಾಗಿ ಇಲ್ಲ.

ಪಿಎಸ್‌ಜಿ ಆಮೇಲೆ ಎಂಬಾಪೆಯನ್ನು ತಂದಿತು, ಮೆಸ್ಸಿಯನ್ನೂ ತಂದಿತು. ಕಪ್ ಬರಲಿಲ್ಲ. ಒಬ್ಬೊಬ್ಬರಾಗಿ ಮೂವರೂ ಹೋದರು. ಅವರೆಲ್ಲ ಹೋದ ಮೇಲೆ, 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಇಂಟರ್ ಮಿಲಾನ್ ಮೇಲೆ 5–0 ಗೆಲುವು, ಕೊನೆಗೂ ಕಪ್. ಆ ಋತುವಿನಲ್ಲಿ ತಂಡವನ್ನು ಹೊತ್ತವನು ಡೆಂಬೆಲೆ. ನೆಯ್ಮಾರ್ ಹಣದಿಂದ ಬಾರ್ಸಿಲೋನಾ ಹತ್ತು ಕೋಟಿಗೂ ಮೀರಿ ಕೊಟ್ಟು ಕೊಂಡು, ಗಾಯಗಳಿಗೆ ಮದ್ದು ಹಾಕಿಸಿ, ಅರ್ಧ ಬೆಲೆಗೆ ಪ್ಯಾರಿಸ್‌ಗೆ ಬಿಟ್ಟುಕೊಟ್ಟ ಅದೇ ಡೆಂಬೆಲೆ. ಕರ್ಮ ಒಬ್ಬನದು, ಫಲ ಇನ್ನೊಬ್ಬನದಾಗುವುದನ್ನು ಮೀಮಾಂಸಕರು ಒಪ್ಪುವುದಿಲ್ಲ. ಅಷ್ಟು ಕೋಟಿ ಕೊಟ್ಟರೆ ಒಪ್ಪಬಹುದು.

ಇನ್ನು ಪ್ರಮಾಣವಿಚಾರ. ಆಟಗಾರನ ಬೆಲೆ ತಿಳಿಯಲು ಪ್ರತ್ಯಕ್ಷ ಎಂದರೆ ಮೈದಾನ, ಅನುಮಾನ ಎಂದರೆ ಅಂಕಿಅಂಶ, ಶಬ್ದ ಎಂದರೆ ಏಜೆಂಟನ ಫೋನು. ಮೂರನೆಯದೇ ಬಲವತ್ತರ ಎಂದು ಸಂಪ್ರದಾಯ. ಅರ್ಥಶಾಸ್ತ್ರಜ್ಞ ಸ್ಟೆಫಾನ್ ಶಿಮಾನ್ಸ್ಕಿ ಮತ್ತು ಪತ್ರಕರ್ತ ಸೈಮನ್ ಕೂಪರ್ ತಮ್ಮ ಪುಸ್ತಕದಲ್ಲಿ ಇಂಗ್ಲಿಷ್ ಕ್ಲಬ್ಬುಗಳ ಲೆಕ್ಕ ತೆಗೆದು ನೋಡಿದರು: ಲೀಗಿನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಸಂಬಳದ ಮೊತ್ತ ಬಹುಮಟ್ಟಿಗೆ ಹೇಳುತ್ತದೆ, ವರ್ಗಾವಣೆಗೆ ಸುರಿದ ಮೊತ್ತ ಹೇಳುವುದು ಅತ್ಯಲ್ಪ. ಯಾವನು ಎಷ್ಟು ಆಡಬಲ್ಲನೆಂದು ಸಂಬಳಕ್ಕೆ ಗೊತ್ತು. ಕೊಂಡವನಿಗೆ ಎಷ್ಟು ಅವಸರವಿತ್ತೆಂಬುದಷ್ಟೇ ಶುಲ್ಕಕ್ಕೆ ಗೊತ್ತು. 2016ರಲ್ಲಿ ಲೀಗ್ ಗೆದ್ದ ಲೆಸ್ಟರ್ ತಂಡದ ರಿಯಾದ್ ಮಹ್ರೆಝ್‌ಗೆ ಆ ಕ್ಲಬ್ಬು ಕೊಟ್ಟದ್ದು ಐದು ಲಕ್ಷ ಪೌಂಡಿಗೂ ಕಡಿಮೆ. ಇಂಥ ಜ್ಞಾನ ಲೋಕಕ್ಕೆ ತಿಳಿದು ವರ್ಷಗಳಾದರೂ ಮಾರುಕಟ್ಟೆ ಒಂದು ದಿನವೂ ತಣ್ಣಗಾಗಿಲ್ಲ. ಸಂಬಳ ಹೆಚ್ಚಿಸಿದ ಸುದ್ದಿ ಕೇಳಿ ಯಾವ ಅಭಿಮಾನಿಯೂ ರಾತ್ರಿ ಎರಡಕ್ಕೆ ವಿಮಾನ ನಿಲ್ದಾಣಕ್ಕೆ ಹೋಗಿ ಕಾಯುವುದಿಲ್ಲ.

ಮೋಕ್ಷವೂ ಈ ದರ್ಶನದಲ್ಲಿ ಉಂಟು. 1995ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಜಾನ್ ಮಾರ್ಕ್ ಬೋಸ್ಮನ್ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದ ಮೇಲೆ, ಒಪ್ಪಂದ ಮುಗಿದ ಆಟಗಾರ ಯಾವ ಶುಲ್ಕವೂ ಇಲ್ಲದೆ ಹೊರಡಬಹುದಾಯಿತು. ಎಂಬಾಪೆ 2024ರಲ್ಲಿ ಹೀಗೆ ಮುಕ್ತನಾಗಿ ಮ್ಯಾಡ್ರಿಡ್ ಸೇರಿದ. ಬೇರೆ ಮತಗಳಲ್ಲಿ ಮುಕ್ತಾತ್ಮ ಏನನ್ನೂ ಬಯಸುವುದಿಲ್ಲ. ಇಲ್ಲಿ ದೊಡ್ಡ ಸಹಿ ಬೋನಸ್ ಬಯಸುತ್ತದೆ. ದಾರಿ ತೆರೆದ ಬೋಸ್ಮನ್‌ಗೆ ಆ ದಾರಿಯಲ್ಲಿ ಹೆಚ್ಚೇನೂ ದಕ್ಕಲಿಲ್ಲ.

ಫಲಶ್ರುತಿ. ಈ ಗ್ರಂಥವನ್ನು ಜೂನ್ 30ರ ಸಂಜೆ ಮಡಿಯುಟ್ಟು ಪಾರಾಯಣ ಮಾಡುವ ಕ್ಲಬ್ಬಿನ ನಷ್ಟವು ಮಿತಿಯೊಳಗೆ ನಿಲ್ಲುವುದು. ಅಧ್ಯಕ್ಷನು ಓದಿದರೆ ಮಾರಲು ಇನ್ನೊಂದು ಹೋಟೆಲು ದೊರೆಯುವುದು. ಕೋಚ್ ಓದಿದರೆ ಡಿಸೆಂಬರ್‌ವರೆಗೆ ನೌಕರಿ ಉಳಿಯುವುದು. ಅಭಿಮಾನಿ ಓದಿದರೆ ಮುಂದಿನ ಋತುವಿನ ಟಿಕೆಟ್ ಬೆಲೆ ಏರಿದ್ದೇಕೆಂದು ತಿಳಿಯುವುದು, ಕಡಿಮೆಯಾಗದು. ಏಜೆಂಟನು ಓದಬೇಕಾಗಿಲ್ಲ, ಅವನ ಕಮಿಷನ್ ಹೇಗೂ ಸಲ್ಲುವುದು.