ರಾಷ್ಟ್ರಪತಿ ಊಹಾಲಕ್ಷಣ ಸಂಗ್ರಹ

ಲಕ್ಷಣ: ರಾಷ್ಟ್ರಪತಿಯ ಅವಧಿ ಮುಗಿಯಲು ತಿಂಗಳುಗಳಿರುವಾಗಲೇ ಟೀವಿಯಲ್ಲಿ ಹುಟ್ಟಿ, ಅಭ್ಯರ್ಥಿಯ ಹೆಸರು ಪ್ರಕಟವಾದ ಗಳಿಗೆಯಲ್ಲಿ ಸಾಯುವುದಕ್ಕೆ ಊಹೆ ಎಂದು ಹೆಸರು. 'ಬಲ್ಲ ಮೂಲಗಳು' ಇದರ ಆಹಾರ. ಪ್ರಶ್ನಾರ್ಥಕ ಚಿಹ್ನೆಯೇ ಬಾಲ. ಇದರ ಅಧ್ಯಯನಕ್ಕೆ ಹೈದರಾಬಾದು ಪ್ರಶಸ್ತ ಕ್ಷೇತ್ರ. ರಾಷ್ಟ್ರಪತಿಗಳ ದಕ್ಷಿಣದ ಬಿಡದಿಯಾದ ಬೊಲಾರಂನ ರಾಷ್ಟ್ರಪತಿ ನಿಲಯ ಇರುವುದೂ ಇಲ್ಲೇ. ಊಹೆಯ ಪ್ರಭೇದಗಳು ಐದು.

1. ಭೇಟಿಜನ್ಯ: ದೊಡ್ಡವರು ದೊಡ್ಡವರ ಮನೆಗೆ ಹೋದಾಗ ಹುಟ್ಟುವಂಥದು. 2022ರ ಜೂನ್ 21ರ ಬೆಳಿಗ್ಗೆ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಸಿಕಂದರಾಬಾದಿನ ಪರೇಡ್ ಮೈದಾನದಲ್ಲಿ ಯೋಗ ಮುಗಿಸಿ ದೆಹಲಿಗೆ ಮರಳಿದರು. ಬಿಜೆಪಿಯ ಅಮಿತ್ ಶಾ, ರಾಜನಾಥ್ ಸಿಂಗ್, ನಡ್ಡಾ ಮೂವರೂ ಅವರನ್ನು ಕಂಡರು. ಅಷ್ಟೇ ಸಾಕಾಯಿತು, ಆಸನದಿಂದ ಎದ್ದವರನ್ನು ಚಾನೆಲ್ಲುಗಳು ಸಿಂಹಾಸನದಲ್ಲೇ ಕೂರಿಸಿದವು. ರಾತ್ರಿ ಪ್ರಕಟವಾದ ಹೆಸರು ದ್ರೌಪದಿ ಮುರ್ಮು.

2. ಸಮೀಕರಣಜನ್ಯ: ಪ್ರಾಂತ, ಜಾತಿ, ಲಿಂಗ ಮೂರನ್ನೂ ಕೂಡಿ, ಬಂದ ಮೊತ್ತಕ್ಕೆ ತಕ್ಕ ವ್ಯಕ್ತಿಯನ್ನು ಹುಡುಕುವಂಥದು. ರಾಜಭವನಗಳೇ ಇದರ ಬೇಟೆಯ ಕಾಡು. ಅದೇ ವರ್ಷ ತೆಲಂಗಾಣದ ರಾಜ್ಯಪಾಲರಾಗಿದ್ದ ತಮಿಳಿಸೈ ಸೌಂದರರಾಜನ್ ಅವರ ಹೆಸರೂ ಪಟ್ಟಿ ಸೇರಿತ್ತು.

3. ನಿರಾಕರಣಜನ್ಯ: 'ಒಲ್ಲೆ' ಎಂದಷ್ಟೂ ಬಲಿಯುವಂಥದು. ಅದೇ ವರ್ಷ ವಿಪಕ್ಷಗಳ ಅಭ್ಯರ್ಥಿಯಾಗಲು ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಸಾಲಾಗಿ ಒಲ್ಲೆ ಎಂದರು. ಪ್ರತಿ 'ಒಲ್ಲೆ'ಗೂ ಒಂದು ಸಂಜೆಯ ಚರ್ಚೆ ದಕ್ಕಿತು.

4. ಮೆರವಣಿಗೆಜನ್ಯ: 2022ರ ಜುಲೈ 2ರಂದು ವಿಪಕ್ಷಗಳ ಅಭ್ಯರ್ಥಿ ಯಶವಂತ ಸಿನ್ಹಾರನ್ನು ತೆಲಂಗಾಣದ ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಹೈದರಾಬಾದಿನ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಎದುರುಗೊಂಡರು. ಬೈಕುಗಳ ದಂಡು ನೆಕ್ಲೇಸ್ ರಸ್ತೆಯ ಜಲವಿಹಾರದತ್ತ ಹೊರಟಿತು. ಬಿಜೆಪಿ ಕಾರ್ಯಕಾರಿಣಿಗೆಂದು ಅದೇ ದಿನ ಪ್ರಧಾನಿಯೂ ಬಂದಿದ್ದರಿಂದ ಊರ ತುಂಬ ಎರಡೂ ಕಡೆಯ ಫ್ಲೆಕ್ಸುಗಳ ಜಗಳ. ಇಷ್ಟೆಲ್ಲ ಸದ್ದಿನ ಹಿಂದಿದ್ದ ಮತ? ತೆಲಂಗಾಣದ 119 ಶಾಸಕರು, ತಲಾ ಮೌಲ್ಯ 132, ಒಟ್ಟು 15,708. ದೇಶದ ಒಟ್ಟು ಮೌಲ್ಯ 10,86,431. ಮೆರವಣಿಗೆ ಅಭ್ಯರ್ಥಿಯದು, ಊಹೆ ಆತಿಥೇಯರದು ಎಂಬುದನ್ನು ಗಮನಿಸತಕ್ಕದ್ದು: ಅಕ್ಟೋಬರಿನಲ್ಲಿ ರಾವ್ ಅವರ ಪಕ್ಷ ತೆಲಂಗಾಣ ರಾಷ್ಟ್ರ ಸಮಿತಿ (ಟಿಆರ್‌ಎಸ್) ಹೋಗಿ ಭಾರತ ರಾಷ್ಟ್ರ ಸಮಿತಿ (ಬಿಆರ್‌ಎಸ್) ಆಯಿತು.

5. ಕಾಲವ್ಯತ್ಯಯ: ಹೆಸರು ಸರಿ, ಇಸವಿ ತಪ್ಪು. ಮುರ್ಮು ಹೆಸರು 2017ರಲ್ಲೇ ಜೋರಾಗಿ ಓಡಾಡಿತ್ತು. ಆಗ ಬಂದವರು ಬಿಹಾರದ ರಾಜ್ಯಪಾಲ ರಾಮನಾಥ ಕೋವಿಂದ್. ಐದು ವರ್ಷ ತಡವಾಗಿ ಫಲಿಸಿದ್ದನ್ನು ಭವಿಷ್ಯವೆನ್ನಬೇಕೋ ಕಾಕತಾಳೀಯವೆನ್ನಬೇಕೋ ಎಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ.

ಪೂರ್ವಪಕ್ಷ: 2022ರಲ್ಲಿ ಮತದಾರರಿದ್ದದ್ದು 4,809 ಸಂಸದರು, ಶಾಸಕರು ಮಾತ್ರ. ಅವರಿಗೆ ಹೆಸರು ಪಕ್ಷದಿಂದಲೇ ಗೊತ್ತಾಗುತ್ತದೆ. ಹಾಗಾದರೆ ಊಹೆ ಯಾರಿಗಾಗಿ?

ಸಿದ್ಧಾಂತ: ಮತವಿಲ್ಲದ ಉಳಿದೆಲ್ಲರಿಗಾಗಿ. ಪರದೆಯ ಮೇಲೆ ಹತ್ತು ಹೆಸರು ಓಡುತ್ತಿರುವಷ್ಟು ಹೊತ್ತು, ಹೆಸರನ್ನು ಆರಿಸುವವರು ಯಾರು, ಯಾವ ಲೆಕ್ಕದಲ್ಲಿ ಆರಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಊಹೆ ತಪ್ಪಿದರೂ ಅದರ ಕೆಲಸ ಕೈಗೂಡಿರುತ್ತದೆ.

ಫಲಶ್ರುತಿ: ಇದನ್ನು ಓದಿದವರು 2027ರಲ್ಲಿ ಹೆಸರು ಪ್ರಕಟವಾಗುವವರೆಗೆ ಟೀವಿ ಹಾಕದಿದ್ದರೂ ಏನನ್ನೂ ಕಳೆದುಕೊಳ್ಳರು. ಹಾಕಿದವರಿಗೆ ಪ್ರಭೇದ ಗುರುತಿಸುವ ಪುಣ್ಯವಾದರೂ ಲಭಿಸೀತು.