ಜೀಪಣ್ಣನವರ ಬಾನೆಟ್ಟು

ಮೂಡಿಗೆರೆ, ಸಕಲೇಶಪುರ, ಕಳಸ, ಕೊಪ್ಪ: ಈ ಸೀಮೆಯ ಯಾವ ಊರಿಗೆ ಹೋದರೂ ಒಬ್ಬರು ಜೀಪಣ್ಣ ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದು ಪಹಣಿಯಲ್ಲಿ ಮತ್ತು ಮದುವೆಯ ಕರೆಯೋಲೆಯಲ್ಲಿ ಮಾತ್ರ ಕಾಣಿಸುತ್ತದೆ. ನಾಲ್ಕಾರು ಎಕರೆ ಕಾಫಿ, ಒಂದಿಷ್ಟು ಅಡಿಕೆ, ಮರಕ್ಕೆ ಹಬ್ಬಿಸಿದ ಮೆಣಸು, ಕೊಟ್ಟಿಗೆಗೆ ಒತ್ತಿಕೊಂಡ ಶೆಡ್ಡಿನಲ್ಲಿ ಒಂದು ಜೀಪು. ತೋಟ ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಹೆಂಡತಿಯತ್ತ ಕೈ ತೋರಿಸುತ್ತಾರೆ. ಜೀಪನ್ನು ಮಾತ್ರ ಬೆಳೆದ ಮಗನಿಗೂ ಮುಟ್ಟಲು ಬಿಡುವುದಿಲ್ಲ.

ಗುರುತು ಹಿಡಿಯುವುದು ಸುಲಭ. ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಟೆಸ್ಟರ್ ಇರುತ್ತದೆ. ಉಗುರಿನ ಸಂದಿಯಲ್ಲಿ ಹೋದ ವರ್ಷದ ಗ್ರೀಸು. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ತಮ್ಮ ಎಲೆಯನ್ನು ಒಂದು ಗೇಣು ಆಚೆ ಎಳೆದುಕೊಳ್ಳುತ್ತಾರೆ. ನೀವು ಮಗಳ ಪರೀಕ್ಷೆಯದೋ ಅಡಿಕೆ ರೇಟಿನದೋ ಮಾತಾಡುತ್ತಿದ್ದೀರಿ ಎನ್ನಿ, ನಡುವೆ ಕೈ ಎತ್ತಿ ಸುಮ್ಮನಿರಿಸುತ್ತಾರೆ. ದೂರದ ಏರಿನಲ್ಲಿ ಯಾವುದೋ ಲಾರಿ ಹತ್ತುತ್ತಿದೆ. ಅದು ತಿರುವು ದಾಟಿ ಸದ್ದು ಸಾಯುವ ತನಕ ಕಣ್ಣು ಮುಚ್ಚಿ ಕೇಳಿ, "ಇಂಜೆಕ್ಟರ್ ಕೈ ಕೊಡ್ತದೆ ಅದರದ್ದು, ಘಾಟಿ ಇಳಿಯೋದ್ರೊಳಗೆ" ಎಂದು ಭವಿಷ್ಯ ನುಡಿಯುತ್ತಾರೆ. ಲಾರಿ ಮಂಗಳೂರು ಮುಟ್ಟಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲವಾದ್ದರಿಂದ ಅವರ ಭವಿಷ್ಯ ಇದುವರೆಗೆ ಒಮ್ಮೆಯೂ ಸುಳ್ಳಾಗಿಲ್ಲ.

ಹೊಗೆಯ ಶಾಸ್ತ್ರವೂ ಅವರಿಗೆ ಕರಗತ. ಕಪ್ಪು ಹೊಗೆ ಬಂತೋ, ಗಾಳಿ ಸಾಲುತ್ತಿಲ್ಲ, ಏರ್ ಫಿಲ್ಟರ್ ಬಿಚ್ಚು. ನೀಲಿ ಬಂತೋ, ಇಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗಿಗೆ ದುಡ್ಡು ಹೊಂದಿಸು. ಬಿಳಿ ಹೊಗೆ ಚಳಿಗೆ ಒಂದಿಷ್ಟು ಬಂದರೆ ಬರಲಿ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಸೇರುತ್ತಿದೆ. ಇದೆಲ್ಲ ನಿಜವೇ. ತೊಂದರೆಯೆಂದರೆ ನೆಂಟರ ಮನೆಯ ಬಚ್ಚಲೊಲೆಯ ಹೊಗೆ ನೋಡಿದಾಗಲೂ ಅವರು ಅಭಿಪ್ರಾಯ ಕೊಡದೆ ಇರಲಾರರು.

ಜೀಪು ಯಾವ ವರ್ಷದ್ದು ಎಂದು ಮಾತ್ರ ಕೇಳಬಾರದು. ಕೇಳಿದರೆ ಕಾಫಿ ಆರಿತೆಂದೇ ಲೆಕ್ಕ. ಕಥೆ 1941ರಲ್ಲಿ, ಅಮೆರಿಕದವರು ಯುದ್ಧಕ್ಕೆಂದು ವಿಲ್ಲಿಸ್ ಜೀಪು ತಯಾರಿಸಿದಲ್ಲಿಂದ ಹೊರಡುತ್ತದೆ. ಯುದ್ಧ ಮುಗಿದು ಸೈನ್ಯಕ್ಕೆ ಬೇಡವಾದ ಗಾಡಿಗಳು ಹರಾಜಾದವು. ಇತ್ತ 1945ರಲ್ಲಿ ಬೊಂಬಾಯಿಯಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಕಂಪನಿ ಶುರುವಾಯಿತು. ದೇಶ ಒಡೆದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಅತ್ತ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. ಇತ್ತ ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು, ವಿಲ್ಲಿಸ್ ಜೀಪನ್ನು ಇಲ್ಲೇ ಜೋಡಿಸಿ ಮಾರಿತು. "ಆ ಪುಣ್ಯಾತ್ಮ ಜೀಪು ಬಿಟ್ಟು ಮಂತ್ರಿ ಆಗಕ್ಕೆ ಹೋದ ನೋಡಿ" ಎಂದು ಜೀಪಣ್ಣ ಇಲ್ಲಿ ಒಮ್ಮೆ ಲೊಚಗುಟ್ಟುತ್ತಾರೆ.

ಇಷ್ಟೆಲ್ಲ ಇತಿಹಾಸವಿರುವ ಗಾಡಿಯಲ್ಲಿ ಮೂಲದ್ದು ಏನಿದೆ ಎಂದು ಹುಡುಕಿದರೆ ಕಷ್ಟ. ಪೆಟ್ರೋಲ್ ಇಂಜಿನ್ ಅವರ ತಂದೆಯ ಕಾಲಕ್ಕೇ ಇಳಿದು, ಅದರ ಜಾಗಕ್ಕೆ 2112 ಸಿಸಿಯ ಪ್ಯೂಜೋ ಡೀಸೆಲ್ ಇಂಜಿನ್ ಬಂದಿದೆ. ಗೇರ್ ಬಾಕ್ಸ್ ಯಾವುದೋ ಎಸ್ಟೇಟಿನ ಮುದಿ ಗಾಡಿಯದು. ಬಾಡಿ ಹಾಸನದ ಟಿಂಕರಿಂಗ್ ಶೆಡ್ಡಿನಲ್ಲಿ ಹುಟ್ಟಿದ್ದು. ಚಾಸಿಗೂ ಎರಡು ಕಡೆ ಪ್ಲೇಟು ಕೊಟ್ಟು ವೆಲ್ಡಿಂಗ್ ಆಗಿದೆ. ಹಾಗಾದರೆ ಹಳೆಯದು ಯಾವುದು ಗೌಡ್ರೇ ಎಂದರೆ ಕ್ಷಣ ಯೋಚಿಸಿ ಹೇಳುತ್ತಾರೆ: "ಆರ್‌ಸಿ ಬುಕ್ಕು."

ಅವರ ಲೋಕದ ಭೂಗೋಳ ಬೇರೆ. ಸೆಲ್ಫ್ ಸ್ಟಾರ್ಟಿನ ಮೇಲೆ ನಂಬಿಕೆಯಿಲ್ಲದ ಕಾರಣ, ಉರುಳಿಸಿ ಸ್ಟಾರ್ಟ್ ಮಾಡಲು ಅನುಕೂಲವಾಗಲೆಂದು, ಜೀಪನ್ನು ಎಂದೂ ಸಮತಟ್ಟಿನಲ್ಲಿ ನಿಲ್ಲಿಸುವುದಿಲ್ಲ. ಊರೂರಿನ ಇಳಿಜಾರುಗಳು ಬಾಯಿಪಾಠ. ಮೂಡಿಗೆರೆಗೆ ಹೋದರೆ ಎಲ್ಲಿ ನಿಲ್ಲಿಸಬೇಕು, ಆ ಜಾಗ ಸಿಗದಿದ್ದರೆ ಇನ್ನೆಲ್ಲಿ, ಎಲ್ಲ ಮೊದಲೇ ನಿಶ್ಚಯ. ಬ್ಯಾಂಕು ಒಂದು ಕಡೆ, ಜೀಪು ಅದಕ್ಕಿಂತ ಅರ್ಧ ಮೈಲಿ ಮೇಲೆ. ಕಲ್ಯಾಣ ಮಂಟಪದ ಮುಂದೆ ಇಳಿಜಾರಿದ್ದರೆ ಮದುವೆಗೆ ಹಿಂದಿನ ದಿನವೇ ಹಾಜರು. ಇಲ್ಲದಿದ್ದರೆ ಹೆಂಡತಿಯನ್ನು ಬಸ್ಸು ಹತ್ತಿಸುತ್ತಾರೆ. ತಂಗಿಯನ್ನು ಬಯಲುಸೀಮೆಗೆ ಕೊಟ್ಟ ಮೇಲೆ ಅವಳ ಮನೆಗೆ ಹೋದದ್ದೇ ಕಡಿಮೆ. "ಒಳ್ಳೇ ಜನ, ಆದ್ರೆ ಊರು ಚಪ್ಪಟೆ ಮಾರಾಯ್ರೆ" ಎಂದು ನಿಟ್ಟುಸಿರು ಬಿಡುತ್ತಾರೆ. ಗಾಲಿಗೆ ಕೊಡಲು ಒಂದು ಕಲ್ಲು ಸದಾ ಜೀಪಿನಲ್ಲಿ ಇರುತ್ತದೆ. ಆ ಕಲ್ಲು ತೆಗೆದು, ಹೊರಟ ಜೀಪಿನ ಹಿಂದೆ ಓಡಿ, ಕಲ್ಲಿನ ಸಮೇತ ಹಾರಿ ಹತ್ತಲು ಕೆಲಸದ ಒಬ್ಬ ಹುಡುಗ. ಅವನು ಶಾಲೆಯ ಓಟದ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ದಿನ ಜೀಪಣ್ಣ ಮೇಷ್ಟರಿಗಿಂತ ಹೆಚ್ಚು ಹಿಗ್ಗಿದ್ದರು.

ಸೆಲ್ಫ್ ಸರಿಮಾಡಿಸಲು ಅವರು ಪ್ರಯತ್ನಪಡಲಿಲ್ಲವೆಂದಲ್ಲ. ಹೊಸ ಬ್ಯಾಟರಿ ತಂದರು. ಮೋಟರಿನ ಬುಷ್ ಬದಲಾಯಿಸಿದರು. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಕಾರ್ಬನ್ ಬ್ರಷ್ ತಂದರು. ಕೊನೆಗೆ ಗ್ಯಾರೇಜಿಗೆ ಒಯ್ದು ಮೇಸ್ತ್ರಿಗೆ ರೋಗವೇನೆಂದು ತಾವೇ ವಿವರಿಸಿದರು. ಮೇಸ್ತ್ರಿ ಬೀಡಿ ಸೇದುತ್ತ, "ಹೌದು ಗೌಡ್ರೆ, ನೀವು ಹೇಳೋದು ಸರಿ" ಎನ್ನುತ್ತಿದ್ದಾಗ ಅವನ ಕೈಕೆಳಗಿನ ಹುಡುಗ ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥ್ ವೈರಿನ ಬೋಲ್ಟು ಬಿಚ್ಚಿದ. ತುಕ್ಕು ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ. ಕೀ ತಿರುಗಿಸಿದ ಕೂಡಲೇ ಇಂಜಿನ್ ಗುಡುಗಿತು. ಜೀಪಣ್ಣನವರ ಮುಖದಲ್ಲಿ ಸಂತೋಷ ಕಾಣಲಿಲ್ಲ. "ನಾನೂ ಅದನ್ನೇ ಅಂದ್ಕಂಡಿದ್ದೆ" ಎಂದರು. ಅಂದಿನಿಂದ ಜೀಪು ಎಲ್ಲಿ ನಿಲ್ಲಿಸಿದರೂ ಸ್ಟಾರ್ಟ್ ಆಗುತ್ತದೆ. ಅವರು ನಿಲ್ಲಿಸುವುದು ಇಂದಿಗೂ ಇಳಿಜಾರಿನಲ್ಲೇ.

ದಾರಿಯಲ್ಲಿ ಕೆಟ್ಟು ನಿಂತಾಗಲೇ ಅವರ ನಿಜವಾದ ಕಳೆ. ಹೆಂಡತಿ ಇದನ್ನು ಬಲ್ಲವರು. ಜೀಪು ಹತ್ತುವಾಗ ಮಡಿಲಲ್ಲಿ ಅವರೆಕಾಯಿಯ ಚೀಲ ಇಟ್ಟುಕೊಂಡೇ ಹತ್ತುತ್ತಾರೆ. ಒಮ್ಮೆ ಪುರೋಹಿತರನ್ನು ಮದುವೆ ಮನೆಗೆ ಕರೆದೊಯ್ಯುವ ಹೊಣೆ ಜೀಪಣ್ಣನವರ ಮೇಲೆ ಬಿತ್ತು. ಅರ್ಧ ಏರಿನಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹಿಂದಿನ ಸೀಟಿನಿಂದ ಮೊದಲ ಅವರೆಕಾಯಿ ಬಿಡಿಸಿದ ಸದ್ದು ಬಂತು. ಜೀಪಣ್ಣ ಉಲ್ಲಾಸದಿಂದ ಇಳಿದು ಬಾನೆಟ್ ಎತ್ತಿ, "ಏರ್ ಹಿಡ್ದಿದೆ" ಎಂದು ಘೋಷಿಸಿದರು. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ, ಏರಿನಲ್ಲಿ ಅದು ಹಿಂದಕ್ಕೆ ಸರಿದು ಪೈಪು ಗಾಳಿ ಎಳೆದುಕೊಂಡಿತ್ತು. ಡೀಸೆಲ್ ಇಂಜಿನ್‌ಗೆ ಇದೊಂದು ಶಾಪ: ಪೈಪಿನಲ್ಲಿ ಗಾಳಿ ಸೇರಿದರೆ ಪಂಪು ಒತ್ತಿದ್ದೆಲ್ಲ ಗಾಳಿಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ, ಇಂಜೆಕ್ಟರ್ ತೆರೆಯುವುದಿಲ್ಲ.

"ಭಟ್ರೇ, ಸ್ವಲ್ಪ ಇಳೀರಿ. ಈ ಹ್ಯಾಂಡ್ ಪಂಪು ಹೆಬ್ಬೆಟ್ಟಲ್ಲಿ ಒತ್ತುತಾ ಇರಿ, ನಾನು ಬೋಲ್ಟ್ ನೋಡ್ಕಳ್ತೀನಿ."

"ಮುಹೂರ್ತ ಹತ್ತಿರ ಬಂತಲ್ಲಾ ಗೌಡ್ರೇ."

"ಗುಳ್ಳೆ ನಿಲ್ಲೋ ತನಕ ಯಾವ ಮುಹೂರ್ತವೂ ಇಲ್ಲ. ಒತ್ತಿ."

ಪುರೋಹಿತರು ಉತ್ತರೀಯ ಸೊಂಟಕ್ಕೆ ಬಿಗಿದು ಒತ್ತಿದರು. ಫಿಲ್ಟರಿನ ತಲೆಯ ಬೋಲ್ಟು ಒಂದು ಸುತ್ತು ಸಡಿಲವಾದ ಕಡೆ ಬುಸ್ಸೆಂದು ನೊರೆ ಬಂತು. ಮತ್ತೆ ಒತ್ತಿದರು, ನೊರೆ ಇಳಿದು ದೊಡ್ಡ ಗುಳ್ಳೆ, ಅದಾದ ಮೇಲೆ ಸಣ್ಣ ಗುಳ್ಳೆ, ಆಮೇಲೆ ಗುಳ್ಳೆಯಿಲ್ಲದ ತಿಳಿ ಡೀಸೆಲ್ ಬೋಲ್ಟಿನ ಸುತ್ತ ಹರಿದು ಅವರ ಮುಂಗೈ ತೋಯಿಸಿತು. "ಸಾಕು!" ಬೋಲ್ಟು ಬಿಗಿಯಿತು. ಇನ್ನು ಇಂಜೆಕ್ಟರ್ ಪೈಪುಗಳ ನಟ್ಟು ಒಂದೊಂದಾಗಿ ಸಡಿಲಿಸಿ ಸೆಲ್ಫ್ ಹೊಡೆಯುವುದು. ಮೂರನೆಯ ಪೈಪಿನಲ್ಲಿ ಡೀಸೆಲ್ ಚಿಮ್ಮಿದಾಗ ಇಂಜಿನ್ ಒಮ್ಮೆ ನಡುಗಿ, ಬಿಳಿ ಹೊಗೆ ಕಾರಿ, ಹಿಡಿದುಕೊಂಡಿತು. ಅವರೆಕಾಯಿ ಅರ್ಧ ಮುಗಿದಿತ್ತು. ಆ ಮದುವೆಯಲ್ಲಿ ಪುರೋಹಿತರು ಹೋಮದಿಂದ ಎಂದಿಗಿಂತ ದೂರ ಕೂತಿದ್ದರು. ಕೈಗೆ ಬೆಂಕಿ ಹತ್ತೀತೆಂಬ ಹೆದರಿಕೆ.

ಮೃಗಶಿರಾ ಮಳೆ ಹಿಡಿಯುವ ಮುಂಚಿನ ಒಂದು ವಾರ ಜೀಪಣ್ಣನವರನ್ನು ನೋಡಬೇಕೆಂದರೆ ಬಗ್ಗಬೇಕು. ಗೋಣಿಚೀಲ ಹಾಸಿ ಜೀಪಿನಡಿ ಮಲಗಿರುತ್ತಾರೆ; ಹೊರಗೆ ಕಾಣುವುದು ಎರಡು ಪಾದ. ಬಂದವರು ಪಾದಗಳ ಜೊತೆಗೇ ವ್ಯವಹಾರ ಮಾತಾಡಿ ಹೋಗುತ್ತಾರೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ, ಪ್ಲೇಟಿನ ಶ್ಯಾಕಲ್ ಪಿನ್ನುಗಳಿಗೆ ಗ್ರೀಸ್ ಗನ್ ಒತ್ತಿ, ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಇಣುಕುವ ತನಕ ಬಿಡುವುದಿಲ್ಲ. ಡಿಫ್ರೆನ್ಷಿಯಲ್ ಆಯಿಲ್ ಬದಲಾಯಿಸುವಾಗ ಅವರದೊಂದು ಕಟ್ಟಪ್ಪಣೆ: ಕೆಳಗಿನ ನಟ್ಟು ಬಿಚ್ಚುವ ಮೊದಲು ಮೇಲಿನ, ಆಯಿಲ್ ತುಂಬಿಸುವ ನಟ್ಟು ಬಿಚ್ಚಿ ನೋಡಬೇಕು. ಇದನ್ನು ಮರೆತು ಇದ್ದ ಆಯಿಲ್ಲನ್ನೆಲ್ಲ ಬಸಿದು, ಆಮೇಲೆ ಮೇಲಿನ ನಟ್ಟು ತುಕ್ಕಿಗೆ ಕಚ್ಚಿ ಕೂತಿದ್ದು ಕಂಡು ತಲೆ ಮೇಲೆ ಕೈ ಹೊತ್ತವರ ಪಟ್ಟಿ ಅವರ ಬಳಿ ಇದೆ.

ಮಳೆಗಾಲದಲ್ಲಿ ಹಳ್ಳ ದಾಟಿ ಬಂದ ಮೇಲೆ ಆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಹೊಕ್ಕಿದೆಯೆಂದು ಅರ್ಥ. ಓಡಿ ಕಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಉಸಿರಾಡುವ ಕಿಂಡಿ ಕೆಸರಿಗೆ ಮುಚ್ಚಿದ್ದರೆ, ಸೀಲಿನ ಸಂದಿಯಿಂದ ನೀರನ್ನೇ ಹೀರಿಕೊಳ್ಳುತ್ತದೆ. ಅದಕ್ಕೇ ಆ ಕಿಂಡಿಗೆ ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಏರಿಸಿದ್ದಾರೆ. ಜಿಪ್ಸಿ ಇಟ್ಟುಕೊಂಡ ಪಕ್ಕದ ಎಸ್ಟೇಟಿನವರು ಇದನ್ನು ಕಂಡು ನಕ್ಕಿದ್ದರು. ಮಾರನೆಯ ಮಳೆಗಾಲದಲ್ಲಿ ಅವರದಕ್ಕೂ ಪೈಪು ಬಂತು. ಜೀಪಣ್ಣ ಆ ವಿಷಯ ಎತ್ತುವುದಿಲ್ಲ. ಜಿಪ್ಸಿ ಪಕ್ಕದಲ್ಲಿ ಹಾದಾಗ ಪೈಪನ್ನೇ ಕಣ್ಣಿಟ್ಟು ನೋಡುತ್ತಾರೆ, ಅಷ್ಟೆ.

ತಮಾಷೆ ಮಾಡುವ ಬಾಯಿ ಕೆಲವೊಮ್ಮೆ ಮುಚ್ಚಿಕೊಳ್ಳಬೇಕಾಗುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿತು. ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳೇ ಜಾರಿದವು. ಅಂಥ ಮಳೆಯಲ್ಲಿ ಕಾರುಗಳೆಲ್ಲ ಟಾರ್ಪಾಲಿನಡಿ ಮಲಗಿದಾಗ ಹಿಂದಿನ ಗಾಲಿಗೆ ಚೈನು ಕಟ್ಟಿಕೊಂಡು ಗ್ಯಾಸ್ ಸಿಲಿಂಡರು, ಅಕ್ಕಿ, ಬಾಣಂತಿ, ಮುದುಕರನ್ನು ಹೊತ್ತು ಓಡಾಡುವುದು ಇವೇ ಮುದಿ ಜೀಪುಗಳು. ಜೀಪಣ್ಣ ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಚೈನು ಎಷ್ಟು ಬಿಗಿ ಇರಬೇಕು ಎಂಬ ಉಪನ್ಯಾಸ ಕೇಳಬೇಕು. ದುಡ್ಡೇ ತೆಗೆದುಕೊಂಡಿದ್ದರೆ ಚೆನ್ನಾಗಿತ್ತು ಎಂದವರೂ ಇದ್ದಾರೆ.

ಈಚೆಗೆ ಅವರಿಗೆ ಹೊಸ ಕಸುಬು ಗಂಟುಬಿದ್ದಿದೆ. 2020ರಲ್ಲಿ ಮಹೀಂದ್ರದವರ ಹೊಸ ಥಾರ್ ಜೀಪು ಬಂದಮೇಲೆ ಶನಿವಾರ ಭಾನುವಾರ ಬೆಂಗಳೂರಿನ ಹುಡುಗರು ಹೋಂಸ್ಟೇ ಹುಡುಕಿಕೊಂಡು ಬರುತ್ತಾರೆ. ಒಬ್ಬನ ಗಾಡಿ ಇವರ ಗೇಟಿನ ಮುಂದೆಯೇ ಮುಷ್ಕರ ಹೂಡಿತು. ಸ್ಟೇರಿಂಗ್ ಬಿಗಿ, ತಿರುವಿನಲ್ಲಿ ಟೈರು ಕಿರುಗುಡುತ್ತದೆ, ಫೋರ್ ವೀಲಿನ ಲಿವರು ಹಿಂದಕ್ಕೆ ಬರುತ್ತಿಲ್ಲ.

"ಫೋರ್ ವೀಲ್ ಎಲ್ಲಿ ಹಾಕಿದ್ಯಪ್ಪಾ?"

"ಹಾಸನದಲ್ಲಿ ಅಂಕಲ್. ಸೇಫ್ಟಿಗೆ."

"ಹಾಸನದಿಂದ ಇಲ್ಲಿಗಂಟ ಟಾರ್ ರೋಡು ಮಾರಾಯ! ತಿರುವಲ್ಲಿ ಮುಂದಿನ ಗಾಲಿ ದೊಡ್ಡ ಸುತ್ತು ಹಾಕ್ತದೆ, ಹಿಂದಿಂದು ಸಣ್ಣದು. ಎರಡನ್ನೂ ಒಂದೇ ಲೆಕ್ಕಕ್ಕೆ ಕಟ್ಟಿಹಾಕಿದ್ದೀಯ. ಕೆಸರಾದ್ರೆ ಜಾರಿ ಸರಿಮಾಡ್ಕಳ್ತದೆ, ಟಾರಲ್ಲಿ ಎಲ್ಲಿ ಜಾರಬೇಕು? ಆ ತಿರುಚು ಪೂರಾ ಶಾಫ್ಟಲ್ಲಿ ಕೂತಿದೆ. ಹೂಂ, ಸ್ಟೇರಿಂಗ್ ನೇರ ಇಟ್ಟು ರಿವರ್ಸ್ ಹೋಗು."

ಹುಡುಗ ಹಿಂದೆ ಹೋದ. ಕೆಳಗಿಂದ ಟಕ್ಕೆಂದಿತು, ಲಿವರು ಸಲೀಸಾಗಿ ಬಂತು. ಇದೆಲ್ಲ ಕಂಪನಿಯವರು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೇ ಇದೆ. ಅದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರು ಹರಿಯದೆ ಮಲಗಿತ್ತು. ಜೀಪಣ್ಣ ಅದನ್ನು ಎರವಲು ಪಡೆದು ರಾತ್ರಿ ಕೂತು ಓದಿ, ಬೆಳಿಗ್ಗೆ ಹಿಂದಿರುಗಿಸುವಾಗ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎರಡು ಕಡೆ "ಇದು ಸಾಲದು" ಎಂದು ಬರೆದಿದ್ದರು.

ಅದೇ ಹುಡುಗನ ಬಾಯಿಂದ ಸುದ್ದಿ ಹಬ್ಬಿರಬೇಕು. ಹಳೆಯ ಜೀಪು ಕೊಂಡು ಹೊಸತಾಗಿ ಮಾಡಿಸುವ ಶೋಕಿಯ ಒಬ್ಬರು ಬೆಂಗಳೂರಿನಿಂದ ಬಂದರು. ಹೇಳಿದ ಬೆಲೆ ಕೇಳಿ ಮಗ ಕಂಬ ಹಿಡಿದುಕೊಂಡ. ಮನೆಯಾಕೆ ಕಡುಬಿನ ಜೊತೆ ಎರಡನೆಯ ಸಲ ತುಪ್ಪ ಬಡಿಸಿದರು. ಜೀಪಣ್ಣ ಬೇಡವೆನ್ನಲಿಲ್ಲ. "ಕೊಡೋ ಮುಂಚೆ ಎಲ್ಲ ಹೇಳ್ಬಿಡಬೇಕು, ಆಮೇಲೆ ಮಾತು ಬರಬಾರದು" ಎಂದು ಅವರನ್ನು ಶೆಡ್ಡಿಗೆ ಕರೆದೊಯ್ದರು. ಸ್ಟೇರಿಂಗ್ ಬಾಕ್ಸಿನ ಆಟದಿಂದ ಶುರುವಾಯಿತು. ಎಡಕ್ಕೆ ಎಳೆಯುವ ಬ್ರೇಕು, ಅದನ್ನು ಸರಿಮಾಡಿದ ಮೇಲೆ ಬಲಕ್ಕೆ ಎಳೆದದ್ದು. ಎರಡನೇ ಗೇರು ಜಾರುವುದು, ಅದಕ್ಕೆ ಮೊಣಕಾಲು ಕೊಟ್ಟು ತಡೆಯುವ ಉಪಾಯ. ಕಿಂಗ್‌ಪಿನ್ನು, ವೀಲ್ ಬೇರಿಂಗು, ಮಳೆಯಲ್ಲಿ ಮಾತ್ರ ಹೊತ್ತಿಕೊಳ್ಳದ ಹೆಡ್‌ಲೈಟು. ಒಂದೊಂದನ್ನೂ ಅವರು ಪ್ರೀತಿಯಿಂದ, ಏನನ್ನೂ ಮುಚ್ಚಿಡದೆ, ಹುಟ್ಟಿದ ದಿನದಿಂದ ಹೇಳಿದರು. ಬಂದವರು ಗಡಿಯಾರ ನೋಡಿಕೊಂಡರು, ಫೋನ್ ಬಂತೆಂದು ಆಚೆ ಹೋದರು, ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

ಮಗ ಜಗಲಿಯ ಮೇಲೆ ಕುಸಿದು ಕೂತ. ಜೀಪಣ್ಣ ಕೈಯಲ್ಲಿ ಸ್ಪ್ಯಾನರ್ ಹಿಡಿದು ಗೇಟಿನ ತನಕ ಹೋಗಿ, ಧೂಳು ಕರಗುವುದನ್ನು ನೋಡಿ, ನಿಜವಾದ ಬೇಸರದಿಂದ ಹಿಂದಿರುಗಿದರು.

"ಎಂಥ ಜನವಪ್ಪಾ! ಇನ್ನೂ ರೇಡಿಯೇಟರ್ ವಿಷಯಕ್ಕೆ ಬಂದೇ ಇರಲಿಲ್ಲ."